ಕೊಡಲಿ ಕೊಳ್ಳುವ ಮುನ್ನ: ಮಲೆನಾಡಿನ ಮರ, ಮಳೆ ಮತ್ತು ಚಾರಣದ ಲೆಕ್ಕ

ಶಿವಮೊಗ್ಗದ ಯಾವುದೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಒಂದು ಒಳ್ಳೆ ಕೊಡಲಿ ಕೊಡಿ" ಅಂದರೆ, ಅನುಭವ ಇರುವ ಅಂಗಡಿಯವರು ಮೊದಲು ಕೇಳುವುದು "ಏನು ಕೆಲಸಕ್ಕೆ?" ಅಂತ. ಆನ್‌ಲೈನ್ ಅಂಗಡಿ ಹಾಗೆ ಕೇಳುವುದಿಲ್ಲ. ಅಲ್ಲಿ ಚರ್ಮದ ಕವಚ ತೊಟ್ಟ, ನೋಡಿದ ಕೂಡಲೇ ಬೇಕೆನಿಸುವ ಕೊಡಲಿಗಳ ಸಾಲೇ ಇರುತ್ತದೆ. ಪಕ್ಕದಲ್ಲಿ 'ಕ್ಯಾಂಪಿಂಗ್‌ಗೆ', 'ಚಾರಣಕ್ಕೆ' ಎಂಬ ಹಣೆಪಟ್ಟಿ. ಕೊಡಚಾದ್ರಿ ಹತ್ತಲು ಹೊರಟ ಹುಡುಗರೂ ಅದನ್ನೇ ನೋಡುತ್ತಾರೆ. ಸಾಗರದ ಹತ್ತಿರ ತೋಟ ಕೊಂಡು ವಾರಾಂತ್ಯಕ್ಕೆ ಬರುವ ಬೆಂಗಳೂರಿನವರೂ ಅದನ್ನೇ ನೋಡುತ್ತಾರೆ. ಇಬ್ಬರಿಗೂ ಬೇಕಾದದ್ದು ಒಂದೇ ಅಲ್ಲ. ಒಬ್ಬರಿಗಂತೂ ಕೊಡಲಿಯೇ ಬೇಕಿಲ್ಲ.

ಯಾವುದು ಯಾರಿಗೆ ಅನ್ನುವುದನ್ನು ಬ್ರ್ಯಾಂಡಿನಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ಮರದಿಂದ ಶುರು ಮಾಡೋಣ.

ಕಡಿಯುವುದು ಬೇರೆ, ಸೀಳುವುದು ಬೇರೆ

ಮರ ಅಂದರೆ ಉದ್ದಕ್ಕೆ ಒತ್ತೊತ್ತಾಗಿ ನಿಂತ ನಾರು. ತೆಂಗಿನ ಕಡ್ಡಿಯ ಪೊರಕೆಯನ್ನು ನೆನಪು ಮಾಡಿಕೊಳ್ಳಿ. ಕಟ್ಟು ಬಿಚ್ಚಿದರೆ ಕಡ್ಡಿಗಳನ್ನು ಬೇರೆ ಮಾಡಲು ಬಲವೇ ಬೇಡ. ಅದೇ ಪೊರಕೆಯನ್ನು ನಡುವೆ ಅಡ್ಡ ತುಂಡರಿಸಬೇಕಾದರೆ ಒಂದೊಂದು ಕಡ್ಡಿಯೂ ಕತ್ತರಿಸಬೇಕು. ಮರದಲ್ಲೂ ಅಷ್ಟೇ. ಅಡ್ಡ ಕಡಿಯುವಾಗ ನಾರನ್ನು ಕತ್ತರಿಸುತ್ತೇವೆ. ಉದ್ದಕ್ಕೆ ಸೀಳುವಾಗ ನಾರುಗಳನ್ನು ಒಂದರಿಂದ ಒಂದು ಬಿಡಿಸುತ್ತೇವೆ, ಅಷ್ಟೇ.

ಈ ಎರಡು ಕೆಲಸಕ್ಕೆ ಬೇಕಾದ ಕೊಡಲಿಯ ಆಕಾರ ಒಂದಕ್ಕೊಂದು ತದ್ವಿರುದ್ಧ. ಕಡಿಯುವ ಕೊಡಲಿಯ ಅಲಗು ತೆಳ್ಳಗಿರಬೇಕು, ಬಾಯಿ ಹರಿತವಾಗಿರಬೇಕು. ಆಗ ಅದು ನಾರಿನೊಳಗೆ ಆಳಕ್ಕೆ ಇಳಿಯುತ್ತದೆ. ಸೀಳುವ ಕೊಡಲಿ ಬಾಯಿಂದ ಹಿಂದಕ್ಕೆ ಬರುತ್ತಾ ಬೇಗ ದಪ್ಪಗಾಗಬೇಕು. ಒಳಗೆ ಹೊಕ್ಕ ಕೂಡಲೇ ಅದರ ಎರಡೂ ಕೆನ್ನೆಗಳು ಮರವನ್ನು ಅತ್ತಿತ್ತ ತಳ್ಳಬೇಕು. ಅದರ ಬಾಯಿ ಸ್ವಲ್ಪ ಮೊಂಡಾಗಿದ್ದರೂ ನಡೆಯುತ್ತದೆ, ಯಾಕೆಂದರೆ ಬಿರುಕು ಬಿಟ್ಟ ಮೇಲೆ ಬಾಯಿಗೆ ಕೆಲಸವೇ ಇಲ್ಲ.

ತೆಳು ಕೊಡಲಿಯಲ್ಲಿ ದಪ್ಪ ಕುಂಟೆ (ಮರದ ತುಂಡು) ಸೀಳಲು ಹೋದವರಿಗೆ ಮುಂದಿನದು ಗೊತ್ತಿರುತ್ತದೆ. ಕೊಡಲಿ ಸಲೀಸಾಗಿ ಒಳಗೆ ಹೋಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಅದನ್ನು ಬಿಡಿಸುವುದೇ ಒಂದು ಕೆಲಸ. ದಪ್ಪ ಕೊಡಲಿಯಲ್ಲಿ ಕೊಂಬೆ ಕಡಿಯಲು ಹೋದರೆ ಅದು ಇಳಿಯುವ ಬದಲು ಪುಟಿಯುತ್ತದೆ. ಪುಟಿದ ಕೊಡಲಿ ಯಾವ ಕಡೆ ಬರುತ್ತದೆ ಎಂದು ಹೇಳಲಾಗದು. 'ಎಲ್ಲ ಕೆಲಸಕ್ಕೂ ಒಂದೇ' ಎಂದು ಮಾರುವ ಕೊಡಲಿ ಎರಡನ್ನೂ ಅರ್ಧಂಬರ್ಧ ಮಾಡುವ ರಾಜಿ. ಕೆಲವು ಮನೆಗೆ ಆ ರಾಜಿಯೇ ಸಾಕಾಗುತ್ತದೆ, ಅದು ಬೇರೆ ಮಾತು.

ಮಲೆನಾಡಿನ ಮನೆಯಲ್ಲಿ ಕೊಡಲಿಯ ಕೆಲಸ ಯಾವುದು ಜಾಸ್ತಿ ಅಂತ ನೋಡಿದರೆ, ಸೀಳುವುದೇ. ಮರ ಉರುಳಿಸಲು, ತುಂಡು ಹಾಕಲು ಈಗ ಎಲ್ಲ ಕಡೆ ಮೋಟಾರ್ ಗರಗಸ ಬಂದಿದೆ. ಉಳಿದದ್ದು ಬಚ್ಚಲ ಹಂಡೆ ಒಲೆಗೆ, ಅಡಿಕೆ ಬೇಯಿಸುವ ಒಲೆಗೆ ಕಟ್ಟಿಗೆ ಒಡೆಯುವುದು. ಮಳೆ ಹಿಡಿಯುವ ಮೊದಲು ಕಟ್ಟಿಗೆ ಕೊಟ್ಟಿಗೆ ತುಂಬಬೇಕಲ್ಲ. ಅದರ ಜೊತೆಗೆ ಬೇಲಿ ಗೂಟದ ತುದಿ ಚೂಪು ಮಾಡುವುದು, ಗಾಳಿಗೆ ಬಿದ್ದ ಕೊಂಬೆ ಸವರುವುದು.

ತೂಕ ಮತ್ತು ಕಾವಿನ ಉದ್ದ

ಮಾರುಕಟ್ಟೆಯ ಕೊಡಲಿಗಳನ್ನು ತಲೆಯ ತೂಕದಿಂದ ಅಳೆಯುವುದು ರೂಢಿ. ಒಂದೇ ಕೈಯಲ್ಲಿ ಬೀಸುವ ಕೈಗೊಡಲಿಯ ತಲೆ ಸುಮಾರು 500ರಿಂದ 700 ಗ್ರಾಂ, ಕಾವು, ಅಂದರೆ ಮರದ ಹಿಡಿ, 35 ಸೆಂ.ಮೀ. ಆಸುಪಾಸು. ಅದರ ಮೇಲಿನದು ಮಧ್ಯಮ ಗಾತ್ರ: ತಲೆ 700 ಗ್ರಾಂನಿಂದ 1 ಕೆ.ಜಿ., ಕಾವು 50ರಿಂದ 70 ಸೆಂ.ಮೀ. ಇದನ್ನು ಒಂದು ಕೈಯಲ್ಲೂ ಹಿಡಿಯಬಹುದು, ಎರಡು ಕೈಯಲ್ಲೂ ಬೀಸಬಹುದು. ಮರ ಉರುಳಿಸುವ ದೊಡ್ಡ ಕೊಡಲಿಯ ತಲೆ ಒಂದೂವರೆ ಕೆ.ಜಿ. ಮೀರುತ್ತದೆ, ಕಾವು 80ರಿಂದ 90 ಸೆಂ.ಮೀ. ಬರೀ ಸೀಳಲೆಂದೇ ಮಾಡಿದ ದಪ್ಪ ಕೊಡಲಿ ಎರಡರಿಂದ ಮೂರೂವರೆ ಕೆ.ಜಿ. ತೂಗುತ್ತದೆ.

ಭಾರ ಇದ್ದಷ್ಟೂ ಒಳ್ಳೆಯದು ಅನ್ನುವುದು ಸಾಮಾನ್ಯ ನಂಬಿಕೆ. ಶಾಲೆಯಲ್ಲಿ ಕಲಿತ ಭೌತಶಾಸ್ತ್ರ ಬೇರೆ ಹೇಳುತ್ತದೆ. ಬೀಸಿದ ಕೊಡಲಿಯ ಶಕ್ತಿ ತೂಕದ ಜೊತೆ ನೇರವಾಗಿ ಏರುತ್ತದೆ, ವೇಗದ ಜೊತೆ ವರ್ಗವಾಗಿ ಏರುತ್ತದೆ. ತೂಕ ಎರಡರಷ್ಟಾದರೆ ಶಕ್ತಿ ಎರಡರಷ್ಟು. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಭಾರದ ಕೊಡಲಿಯನ್ನು ಏದುಸಿರು ಬಿಡುತ್ತಾ ನಿಧಾನಕ್ಕೆ ಇಳಿಸುವುದಕ್ಕಿಂತ, ನಿಮ್ಮ ತೋಳಿಗೆ ಒಗ್ಗುವ ಕೊಡಲಿಯನ್ನು ಚುರುಕಾಗಿ ಬೀಸುವುದು ಎಷ್ಟೋ ಮೇಲು. ಕಾವು ಉದ್ದವಿದ್ದರೆ ಅದೇ ತೋಳಿನ ಬಲಕ್ಕೆ ತಲೆಯ ವೇಗ ಇನ್ನೂ ಹೆಚ್ಚುತ್ತದೆ. ದಣಿದ ಮೇಲೆ ಗುರಿಯೂ ತಪ್ಪುತ್ತದೆ. ಅರ್ಧ ಗಂಟೆ ಬೀಸಿದ ಮೇಲೂ ಹೇಳಿದ ಜಾಗಕ್ಕೇ ಬೀಳುವ ಕೊಡಲಿ ನಿಮ್ಮ ತೂಕದ ಕೊಡಲಿ.

ಕಾವಿನ ಉದ್ದದ ಬಗ್ಗೆ ಒಂದು ಸ್ವಾರಸ್ಯ. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ 'ಓಟ್ಜಿ' ಎಂಬ ಐದು ಸಾವಿರ ವರ್ಷಕ್ಕೂ ಹಿಂದಿನ ಮನುಷ್ಯನ ಬಳಿ ತಾಮ್ರದ ಕೊಡಲಿ ಇತ್ತು. ಅದರ ಮರದ ಕಾವು ಸುಮಾರು 60 ಸೆಂ.ಮೀ. ಇವತ್ತು ಕಾಡಿನ ಓಡಾಟಕ್ಕೆಂದು ಮಾರುವ ಮಧ್ಯಮ ಕೊಡಲಿಯದೂ ಹೆಚ್ಚುಕಮ್ಮಿ ಅಷ್ಟೇ. ಹೊತ್ತು ನಡೆಯಲೂ ಆಗಬೇಕು, ಕೆಲಸವೂ ಆಗಬೇಕು ಅಂದರೆ ಮನುಷ್ಯನ ಕೈ ಬಂದು ನಿಲ್ಲುವ ಅಳತೆ ಅದೇ ಇರಬೇಕು.

ಚಿಕ್ಕ ಕೊಡಲಿ ಅಪಾಯ ಕಡಿಮೆ ಅಂತ ಹಲವರು ತಿಳಿದಿದ್ದಾರೆ. ಇದು ತಲೆಕೆಳಗಾದ ಲೆಕ್ಕ. ಉದ್ದ ಕಾವಿನ ಕೊಡಲಿ ಗುರಿ ತಪ್ಪಿದರೆ ಅದರ ಚಾಪ ದೊಡ್ಡದು, ನಿಮ್ಮ ಕಾಲಿಗಿಂತ ಮುಂದೆ ನೆಲಕ್ಕೆ ಬಡಿಯುತ್ತದೆ. ಗಿಡ್ಡ ಕೊಡಲಿ ತಪ್ಪಿದರೆ ಚಾಪ ಚಿಕ್ಕದು, ತಿರುಗಿ ಬರುವುದು ನೇರ ಮೊಣಕಾಲಿಗೆ ಅಥವಾ ಮೊಣಕಾಲಿನ ಕೆಳಗಿನ ಎಲುಬಿಗೆ. ಅದಕ್ಕೇ ಕೈಗೊಡಲಿಯನ್ನು ನಿಂತು ಬೀಸಬಾರದು. ಮಂಡಿಯೂರಿ ಕುಳಿತು, ಮುಂದೆ ಅಡಿಕುಂಟೆ (ಕಟ್ಟಿಗೆಯ ಅಡಿಗೆ ಇಡುವ ದಪ್ಪ ಕೊರಡು) ಇಟ್ಟುಕೊಂಡು ಬೀಸಬೇಕು. ತಪ್ಪಿದರೆ ಕುಂಟೆಗೋ ನೆಲಕ್ಕೋ ಬೀಳುತ್ತದೆ. ಹೊಸಬರಿಗೆ ನನ್ನ ಸಲಹೆ ಮಧ್ಯಮ ಕೊಡಲಿಯೇ.

ಚಾರಣಕ್ಕೆ ಕೊಡಲಿ ಬೇಡ

ಇಲ್ಲಿ ನಾನು ನಾಜೂಕು ಮಾಡುವುದಿಲ್ಲ. ಮಲೆನಾಡಿನ ಹೆಸರಾಂತ ಚಾರಣದ ದಾರಿಗಳು ಬಹುಪಾಲು ಸಂರಕ್ಷಿತ ಕಾಡಿನಲ್ಲಿವೆ. 1,343 ಮೀಟರ್ ಎತ್ತರದ ಕೊಡಚಾದ್ರಿ ಮೂಕಾಂಬಿಕಾ ಅಭಯಾರಣ್ಯದ ಕಾಡಿನ ನಡುವಿದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಆಗುಂಬೆ ಘಾಟಿಯ ಕೆಳಗೆ ಸೋಮೇಶ್ವರ ಅಭಯಾರಣ್ಯ. ಶಿವಮೊಗ್ಗದ ಮಗ್ಗುಲಲ್ಲೇ ಶೆಟ್ಟಿಹಳ್ಳಿ ಅಭಯಾರಣ್ಯ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಂ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಯಾರೂ ಆಯುಧ ಹಿಡಿದು ಅಭಯಾರಣ್ಯದ ಒಳಗೆ ಹೋಗುವಂತಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಅದೇ ನಿಯಮ. ಆಯುಧ ಅಂದರೆ ಕೋವಿ ಮಾತ್ರ ಅಲ್ಲ. ಕಾಯ್ದೆಯ ವ್ಯಾಖ್ಯೆಯಲ್ಲಿ ಚಾಕು, ಬಲೆ, ಉರುಳೂ ಸೇರಿವೆ, ಪ್ರಾಣಿಗೆ ಗಾಯ ಮಾಡಬಲ್ಲ ಯಾವುದೇ ಸಾಧನವೂ ಸೇರಿದೆ. ಬ್ಯಾಗಿನ ಪಕ್ಕಕ್ಕೆ ಕೊಡಲಿ ಸಿಕ್ಕಿಸಿಕೊಂಡು ಚೆಕ್‌ಪೋಸ್ಟಿನಲ್ಲಿ ನಿಂತರೆ ಗಾರ್ಡ್ ಕೇಳುವ ಪ್ರಶ್ನೆಗೆ ನಿಮ್ಮ ಬಳಿ ಉತ್ತರ ಇರುವುದಿಲ್ಲ. ಅಭಯಾರಣ್ಯ ಅಲ್ಲದ ಮೀಸಲು ಅರಣ್ಯದಲ್ಲೂ ಮರ ಕಡಿಯುವುದು, ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ.

ಕಾನೂನು ಬದಿಗಿಡಿ. ಕೊಡಲಿ ತಗೊಂಡು ಹೋಗಿ ಮಾಡುವುದಾದರೂ ಏನು? ಬೆಂಕಿ ಹಾಕುವಂತಿಲ್ಲ. ಮಾಘ, ಫಾಲ್ಗುಣದಲ್ಲಿ ಕಾಡಿನ ನೆಲದ ತುಂಬ ದರಗು (ಒಣ ಎಲೆ) ಬಿದ್ದಿರುತ್ತದೆ, ಗುಡ್ಡದ ಹುಲ್ಲು ಒಣಗಿ ನಿಂತಿರುತ್ತದೆ. ಒಂದು ಕಿಡಿ ಸಾಕು. ಮಳೆಗಾಲದಲ್ಲಿ ಕಟ್ಟಿಗೆಯೇ ಹೊತ್ತಿಕೊಳ್ಳುವುದಿಲ್ಲ. ದಾರಿಗೆ ಅಡ್ಡ ಬಿದ್ದ ಕೊಂಬೆಯನ್ನು ದಾಟಿ ಹೋಗಬಹುದು ಅಥವಾ ಬಳಸಿ ಹೋಗಬಹುದು. ಒಂದು ಕೆ.ಜಿ. ಕಬ್ಬಿಣದ ಬದಲು ಒಂದು ಲೀಟರ್ ನೀರು ಹೊತ್ತರೆ ಬೆಟ್ಟದ ನೆತ್ತಿಯಲ್ಲಿ ನಿಮಗೇ ಖುಷಿಯಾಗುತ್ತದೆ. ಚಾರಣದ ಕೊಡಲಿಗಳು ಹುಟ್ಟಿದ್ದು ಸ್ವೀಡನ್, ಫಿನ್ಲೆಂಡ್, ಕೆನಡಾದಂಥ ಕಡೆ. ಅಲ್ಲಿ ಚಳಿಗಾಲದ ರಾತ್ರಿ ಬೆಂಕಿ ಇಲ್ಲದಿದ್ದರೆ ಜೀವಕ್ಕೇ ಕುತ್ತು. ಹೋಂಸ್ಟೇಯಲ್ಲಿ ಬಿಸಿ ಬಿಸಿ ಕಡುಬು ತಿಂದು ಬೆಟ್ಟ ಹತ್ತುವ ನಮಗೆ ಆ ಕಷ್ಟ ಇಲ್ಲ.

ಸ್ವಂತ ಜಾಗದಲ್ಲಿ, ತೋಟದಲ್ಲಿ, ಪರಿಚಿತರ ಎಸ್ಟೇಟಿನಲ್ಲಿ ಡೇರೆ ಹಾಕುವವರ ಮಾತು ಬೇರೆ. ಅಲ್ಲಿ ಸಣ್ಣ ಬೆಂಕಿಗೆ ಒಣ ಕಟ್ಟಿಗೆ ಬೇಕು. ಅದಕ್ಕೂ ನಾನು ಮೊದಲು ಹೇಳುವುದು ಮಡಚುವ ಗರಗಸ. ಇನ್ನೂರು, ಮುನ್ನೂರು ಗ್ರಾಂ ತೂಕದ ಅಂಥ ಗರಗಸ ತೋಳು ದಪ್ಪದ ಒಣ ಕೊಂಬೆಯನ್ನು ಕೊಡಲಿಗಿಂತ ಕಡಿಮೆ ದಣಿವಿನಲ್ಲಿ ತುಂಡು ಮಾಡುತ್ತದೆ. ಜಾರಿದರೂ ಗಾಯ ಸಣ್ಣದು. ಚಕ್ಕೆ ಸಿಡಿಯುವುದಿಲ್ಲ, ಸದ್ದೂ ಇಲ್ಲ.

ಕತ್ತಿ ಇರುವಾಗ ಕೊಡಲಿ ಯಾಕೆ?

ಮಲೆನಾಡಿನ ಹಳ್ಳಿಯವರು ತೋಟಕ್ಕೋ ಬೆಟ್ಟಕ್ಕೋ ಹೊರಟರೆ ಸೊಂಟದ ಕೊಕ್ಕೆಯಲ್ಲಿ ಕತ್ತಿ ಇರುತ್ತದೆ, ಹೆಗಲ ಮೇಲೆ ಕೊಡಲಿ ಇರುವುದಿಲ್ಲ. ಇದಕ್ಕೆ ಕಾರಣ ಇದೆ. ಮಣಿಕಟ್ಟಿನ ದಪ್ಪದವರೆಗಿನ ಯಾವುದೇ ಹಸಿ ಕೊಂಬೆಗೆ ಕತ್ತಿಯೇ ಸರಿ. ತುದಿ ಬಾಗಿರುವುದರಿಂದ ಪೊದೆಯೊಳಗಿನ ಕೊಂಬೆಯನ್ನು ಎಳೆದುಕೊಂಡು ಸವರಬಹುದು, ಬಳ್ಳಿ ಬಿಡಿಸಬಹುದು, ಸೊಪ್ಪು ಕಡಿಯಬಹುದು. ಬಿದಿರಿಗಂತೂ ಕೊಡಲಿ ಹಿಡಿಯಲೇಬೇಡಿ. ಬಿದಿರಿನ ಹೊರಮೈಯಲ್ಲಿ ಸಿಲಿಕಾ ಇದೆ, ಅದು ಬಾಯಿಯನ್ನು ಬೇಗ ಮೊಂಡು ಮಾಡುತ್ತದೆ. ದುಂಡಗಿನ ನುಣುಪು ಮೈ ಮೇಲೆ ಕೊಡಲಿ ಜಾರುತ್ತದೆ ಕೂಡ. ವಿದೇಶದ ಪುಸ್ತಕಗಳು ಕೈಗೊಡಲಿಗೆ ಹೇಳುವ ಕೆಲಸಗಳಲ್ಲಿ ಮುಕ್ಕಾಲು ಪಾಲು ನಮ್ಮಲ್ಲಿ ಕತ್ತಿಯ ಕೆಲಸ. ಆದ್ದರಿಂದ ಮನೆಯಲ್ಲಿ ಒಳ್ಳೆಯ ಕತ್ತಿ ಇದ್ದವರು ಕೈಗೊಡಲಿಗೆ ದುಡ್ಡು ಹಾಕುವುದು ಸುಮ್ನೆ.

ನಮ್ಮ ಮರ, ಅವರ ಉಕ್ಕು

ಸ್ವೀಡನ್ನಿನ ಗ್ರಾನ್ಸ್‌ಫೋರ್ಸ್ ಬ್ರೂಕ್ 1902ರಿಂದ ಕೊಡಲಿ ಮಾಡುತ್ತಿರುವ ಕುಲುಮೆ. ಫಿನ್ಲೆಂಡಿನ ಫಿಸ್ಕಾರ್ಸ್ ಕಂಪನಿ ಹುಟ್ಟಿದ್ದು 1649ರಲ್ಲಿ. ಇಬ್ಬರ ಮಾಲೂ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸೀಮೆಯ ತೆಳು ಅಲಗಿನ ಕೊಡಲಿಗಳು ಅಲ್ಲಿನ ಸ್ಪ್ರೂಸ್, ಪೈನ್, ಬರ್ಚ್ ಮರಗಳ ಲೆಕ್ಕದಲ್ಲಿ ರೂಪುಗೊಂಡವು. ಒಣಗಿದ ಸ್ಪ್ರೂಸ್ ಘನಮೀಟರಿಗೆ ಸುಮಾರು 450 ಕೆ.ಜಿ. ತೂಗುತ್ತದೆ. ನಮ್ಮ ಮತ್ತಿ 800 ಕೆ.ಜಿ. ದಾಟಬಹುದು. ಹುಣಸೆ ಇನ್ನೂ ಗಟ್ಟಿ, ನಾರು ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಮಾಂಸದ ಅಂಗಡಿಯ ಕೊರಡು ಹುಣಸೆಯದೇ ಆಗಿರುವುದು ಅದಕ್ಕೇ.

ತೆಳು ಬಾಯಿಯ ಕೊಡಲಿಯನ್ನು ಒಣಗಿದ ಮತ್ತಿಯ ಗಂಟಿಗೋ ಹಳೇ ಅಕೇಶಿಯಾ ಕೊಂಬೆಯ ಬುಡಕ್ಕೋ ಹೊಡೆದರೆ ಬಾಯಿ ಚಕ್ಕೆ ಏಳಬಹುದು ಅಥವಾ ಮಡಚಿಕೊಳ್ಳಬಹುದು. ಮೆದು ಮರಕ್ಕೆ ಬಾಯಿಯ ಕೋನ 20ರಿಂದ 25 ಡಿಗ್ರಿ ಇದ್ದರೆ ಚಂದ. ನಮ್ಮ ಗಟ್ಟಿ ಮರಕ್ಕೆ 30 ಡಿಗ್ರಿ ಆಸುಪಾಸು ಇರಲಿ. ಕೊಂಡ ಕೊಡಲಿಯ ಬಾಯಿಯ ತುದಿಯನ್ನು ಮಾತ್ರ ಅರದಲ್ಲಿ ಸ್ವಲ್ಪ ದುಂಡಗೆ ಉಜ್ಜಿಕೊಂಡರೆ ಸಾಕು, ಪೂರ್ತಿ ಅಲಗನ್ನು ತಿದ್ದಬೇಕಿಲ್ಲ.

ಉಕ್ಕಿನ ಗಡಸುತನವೂ ಹೀಗೇ ನಡುವಿನ ದಾರಿ. ತೀರಾ ಗಡಸಾದರೆ ಮುರಿಯುತ್ತದೆ, ತೀರಾ ಮೆದುವಾದರೆ ಮಡಚುತ್ತದೆ. ಒಳ್ಳೆಯ ಕೊಡಲಿಗಳ ಬಾಯಿ ರಾಕ್‌ವೆಲ್ ಅಳತೆಯಲ್ಲಿ 55ರಿಂದ 58ರ ನಡುವೆ ಇರುತ್ತದೆ. ಮನೆಯಲ್ಲಿ ಇದನ್ನು ನೋಡಲು ಯಂತ್ರ ಬೇಡ. ಹೊಸ ಅರವನ್ನು ಬಾಯಿ ಮೇಲೆ ಮೆಲ್ಲಗೆ ಎಳೆಯಿರಿ. ಅರ ಕಷ್ಟಪಟ್ಟು ಕಚ್ಚಿದರೆ ಹದ ಸರಿಯಾಗಿದೆ. ಗಾಜಿನ ಸದ್ದು ಮಾಡಿ ಪೂರ್ತಿ ಜಾರಿದರೆ ತೀರಾ ಗಡಸು. ಸಲೀಸಾಗಿ ಪುಡಿ ಉದುರಿದರೆ ಆ ಕೊಡಲಿಗೆ ಹದವೇ ಹಾಕಿಲ್ಲ.

ಊರ ಆಚಾರಿಯ ಕುಲುಮೆ

ಸ್ವೀಡನ್ನಿನ ಒಂದು ಕೊಡಲಿಯ ದುಡ್ಡಿಗೆ ಊರ ಆಚಾರಿ ಹಲವು ಕೊಡಲಿ ಮಾಡಿಕೊಡುತ್ತಾರೆ. ಹಾಗೆಂದು ಅದು ಕಳಪೆ ಅಲ್ಲ. ಹಳ್ಳಿ ಕುಲುಮೆಯಲ್ಲಿ ಹೆಚ್ಚಾಗಿ ಬಳಸುವುದು ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ. ಕೊಡಲಿಗೆ ಬೇಕಾದ ಗುಣ ಆ ಉಕ್ಕಿನಲ್ಲಿದೆ: ಬಾಗಿದರೂ ಮುರಿಯುವುದಿಲ್ಲ, ಹದ ಹಾಕಿದರೆ ಗಡಸಾಗುತ್ತದೆ. ನಿಜವಾದ ಕೈಚಳಕ ಇರುವುದು ಆ ಹದದಲ್ಲಿ.

ಕೆಂಪಗೆ ಕಾದ ಕೊಡಲಿಯ ಬಾಯಿಯನ್ನಷ್ಟೇ ನೀರಿಗೋ ಎಣ್ಣೆಗೋ ಅದ್ದುತ್ತಾರೆ. ಆಗ ಬಾಯಿ ಗಡಸಾಗುತ್ತದೆ, ಜೊತೆಗೆ ಸುಲಭವಾಗಿ ಮುರಿಯುವಂತಾಗುತ್ತದೆ. ಹಿಂದಿನ ಭಾಗದಲ್ಲಿ ಇನ್ನೂ ಬಿಸಿ ಉಳಿದಿರುತ್ತದೆ. ಬಾಯಿಯ ಪಕ್ಕ ಸ್ವಲ್ಪ ಉಜ್ಜಿ ಬೆಳ್ಳಗೆ ಮಾಡಿ ನೋಡುತ್ತಾ ನಿಂತರೆ, ಆ ಬಿಸಿ ನಿಧಾನಕ್ಕೆ ಬಾಯಿಯ ಕಡೆ ಹರಿದು ಬರುವಾಗ ಉಕ್ಕಿನ ಬಣ್ಣ ಬದಲಾಗುತ್ತದೆ. ಮೊದಲು ತಿಳಿ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ತಿಳಿ ಹಳದಿ ಅಂದರೆ ಸುಮಾರು 220 ಡಿಗ್ರಿ ಸೆಲ್ಸಿಯಸ್, ನೀಲಿ ಅಂದರೆ 300ರ ಹತ್ತಿರ. ಕೊಡಲಿಗೆ ಕಂದು ದಾಟಿ ನೇರಳೆ ಬರುವ ಹೊತ್ತಿಗೆ ಮತ್ತೆ ಅದ್ದಿ ನಿಲ್ಲಿಸಬೇಕು. ಹಳದಿಯಲ್ಲೇ ನಿಲ್ಲಿಸಿದರೆ ಚಕ್ಕೆ ಏಳುತ್ತದೆ, ನೀಲಿ ದಾಟಿಸಿದರೆ ಮೆದುವಾಗುತ್ತದೆ. ಇಷ್ಟೆಲ್ಲ ಕೆಲವೇ ಕ್ಷಣಗಳಲ್ಲಿ, ಕುಲುಮೆಯ ಮಬ್ಬು ಬೆಳಕಿನಲ್ಲಿ, ಬರೀ ಕಣ್ಣಳತೆಯಲ್ಲಿ ನಡೆಯುತ್ತದೆ.

ಇದನ್ನು ತಿಳಿದಿದ್ದರೆ ಇನ್ನೊಂದು ಲಾಭ ಇದೆ. ಸಾಣೆ ಹಿಡಿಸಲು ಗ್ರೈಂಡಿಂಗ್ ಮಷೀನಿಗೆ ಕೊಟ್ಟಾಗ ಬಾಯಿ ನೀಲಿಗಟ್ಟಿದರೆ, ಆ ಜಾಗದ ಹದ ಹೋಯಿತು ಎಂದೇ ಅರ್ಥ. ಎಷ್ಟು ಹರಿತ ಮಾಡಿದರೂ ಎರಡೇ ದಿನಕ್ಕೆ ಮೊಂಡಾಗುತ್ತದೆ. ಕೊಡಲಿಯನ್ನು ಅರದಲ್ಲಿ ಉಜ್ಜಿ, ಸಾಣೆಕಲ್ಲಿನಲ್ಲಿ ನೀರು ಹಾಕಿ ಮಸೆಯುವುದೇ ಸರಿ. ಮಷೀನೇ ಬೇಕೆಂದರೆ ಮತ್ತೆ ಮತ್ತೆ ನೀರಿಗೆ ಅದ್ದುತ್ತಾ ಹಿಡಿಯಿರಿ.

ಉಕ್ಕು, ಕಟ್ಟಿಗೆ ಎರಡರ ನಂಟು ಶಿವಮೊಗ್ಗ ಜಿಲ್ಲೆಗೆ ಹಳೆಯದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ಅದನ್ನು ಕರಗಿಸಲು ಉರಿದದ್ದು ಮಲೆನಾಡಿನ ಮರದ ಇದ್ದಿಲು. ಆ ಇದ್ದಿಲಿಗೆ ಮರ ಕಡಿಯಲು ಎಷ್ಟು ಕೊಡಲಿ ಸವೆದಿರಬೇಕು, ಅಲ್ವಾ?

ಆಚಾರಿಯ ಬಳಿ ಹೋದಾಗ "ಕೊಡಲಿ ಮಾಡಿಕೊಡಿ" ಎಂದಷ್ಟೇ ಹೇಳಬೇಡಿ. ಸೀಳಲೋ ಕಡಿಯಲೋ ಹೇಳಿ. ಯಾವ ಮರ ಜಾಸ್ತಿ ಎಂದು ಹೇಳಿ. ಕಾವು ಹಾಕುವ ತೂತನ್ನು ತೋರಿಸಿಕೊಳ್ಳಿ. ಅದು ನೇರವಾಗಿರಬೇಕು, ಸುತ್ತಲಿನ ಗೋಡೆ ಎರಡೂ ಕಡೆ ಒಂದೇ ದಪ್ಪ ಇರಬೇಕು, ಬೆಸುಗೆ ಹಾಕಿದ ಜಾಗದಲ್ಲಿ ಬಿರುಕು ಇರಬಾರದು. ತೂತು ಓರೆಯಾದರೆ ಬಾಯಿಯೂ ಓರೆ. ಕಾವಿನ ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಬಾಯಿಯ ಗೆರೆ ಕಾವಿನ ನಡುವಿಗೆ ನೆಟ್ಟಗೆ ಬರಬೇಕು. ಅಂಗಡಿ ಕೊಡಲಿಗೂ ಇದೇ ಪರೀಕ್ಷೆ.

ಕಾವು

"ಕೊಡಲಿ ಕಾವು ಕುಲಕ್ಕೆ ಮೃತ್ಯು" ಎಂಬ ಗಾದೆ ಮರದ ಕಡೆಯಿಂದ ಹೇಳಿದ್ದು. ಕಾವಿಗೆ ಬೇಕಾದದ್ದು ಬರೀ ಗಟ್ಟಿತನ ಅಲ್ಲ. ಹೊಡೆತವನ್ನು ನುಂಗಿ, ಬಾಗಿ, ಮತ್ತೆ ನೆಟ್ಟಗಾಗುವ ಗುಣ ಬೇಕು. ಅಮೆರಿಕದಲ್ಲಿ ಅದಕ್ಕೆ ಹಿಕರಿ ಮರ ಹೆಸರುವಾಸಿ. ನಮ್ಮಲ್ಲಿ ದಡಸಲು, ದಿಂಡಿಗ, ಬಯಲುಸೀಮೆಯ ಕರಿಜಾಲಿ ಈ ಕೆಲಸಕ್ಕೆ ಹೇಳಿ ಮಾಡಿಸಿದವು. ತೇಗ ಬಾಗಿಲಿಗೆ ಚಂದ, ಕಾವಿಗೆ ಅಲ್ಲ. ಅದು ಹೊಡೆತಕ್ಕೆ ಮುರಿಯುತ್ತದೆ.

ಕಾವು ಕೊಳ್ಳುವಾಗ ತುದಿಯ ಗೆರೆ ನೋಡಿ. ಗೆರೆಗಳು ಕೊಡಲಿಯ ಬಾಯಿ ಇರುವ ದಿಕ್ಕಿನಲ್ಲೇ ಸಾಗಬೇಕು, ಅಡ್ಡ ಇರಬಾರದು. ಪಕ್ಕದಿಂದ ನೋಡಿದರೆ ನಾರು ಈ ತುದಿಯಿಂದ ಆ ತುದಿಯವರೆಗೆ ಓಡಬೇಕು. ನಡುವೆಯೇ ಹೊರಗೆ ಜಾರಿ ಹೋಗಿದ್ದರೆ ಕಾವು ಮುರಿಯುವುದು ಅಲ್ಲೇ. ಗಂಟು ಇದ್ದರೆ ಬೇಡವೇ ಬೇಡ. ಬಣ್ಣ ಬಳಿದ ಕಾವನ್ನು ನಾನು ಮುಟ್ಟುವುದಿಲ್ಲ, ಬಣ್ಣದ ಕೆಳಗೆ ಏನಿದೆಯೋ ಯಾರಿಗೆ ಗೊತ್ತು. ದಪ್ಪ ವಾರ್ನಿಶ್ ಕೂಡ ಅಂಗೈಗೆ ಬೊಬ್ಬೆ ತರುತ್ತದೆ. ಅದನ್ನು ಕೆರೆದು ಅಗಸೆ ಎಣ್ಣೆ ಹಚ್ಚಿದರೆ ಹಿಡಿತ ಚೆನ್ನಾಗಿರುತ್ತದೆ.

ಮಲೆನಾಡಿನಲ್ಲಿ ಕಾವಿನ ದೊಡ್ಡ ಶತ್ರು ಮಳೆ. ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುವ ಆಗುಂಬೆಯ ಸುತ್ತಮುತ್ತ ಆಷಾಢದಲ್ಲಿ ಗೋಡೆಯೇ ಬೆವರುತ್ತದೆ. ಮರ ತೇವ ಹೀರಿ ಉಬ್ಬುತ್ತದೆ, ಕೊಡಲಿ ಬಿಗಿಯಾಗಿ ಕೂತಂತೆ ಕಾಣುತ್ತದೆ. ಬೇಸಗೆಯಲ್ಲಿ ಅದೇ ಮರ ಒಣಗಿ ಕುಗ್ಗಿದಾಗ ತಲೆ ಅಲ್ಲಾಡಲು ಶುರು. ಆಗ ಎಲ್ಲರೂ ಮಾಡುವುದು ಕೊಡಲಿಯನ್ನು ಬಕೆಟ್ ನೀರಿನಲ್ಲಿ ನೆನೆಹಾಕುವುದು. ಅವತ್ತಿನ ಮಟ್ಟಿಗೆ ಅದು ಕೆಲಸ ಮಾಡುತ್ತದೆ. ಆದರೆ ಉಬ್ಬಿದ ನಾರು ಕಬ್ಬಿಣದ ಗೋಡೆಗೆ ಒತ್ತಿಕೊಂಡು ಜಜ್ಜಿಹೋಗುತ್ತದೆ. ಮತ್ತೆ ಒಣಗಿದಾಗ ಮೊದಲಿಗಿಂತ ಜಾಸ್ತಿ ಸಡಿಲ. ಸರಿಯಾದ ದಾರಿ ಎಂದರೆ ಕಾವಿನ ತುದಿಗೆ ಬಡಿದಿರುವ ಹಳೇ ಬೆಣೆ ತೆಗೆದು, ಚೆನ್ನಾಗಿ ಒಣಗಿದ ಮರದ ಹೊಸ ಬೆಣೆ ಹೊಡೆದು, ತುದಿಗೆ ಅಗಸೆ ಎಣ್ಣೆ ಕುಡಿಸುವುದು. ಈ ಕೆಲಸವನ್ನು ಬೇಸಗೆಯಲ್ಲೇ ಮಾಡಿ.

ಪಿಕಾಸಿಯ ಹಾಗೆ ಮೇಲಿನಿಂದ ತೂರಿಸಿ ಕೂರಿಸುವ ಕಾವೂ ಇದೆ. ಅದರ ಮೇಲ್ತುದಿ ದಪ್ಪ. ಬೀಸಿದಷ್ಟೂ ತಲೆ ಹೊರಗೆ ಎಳೆದುಕೊಂಡು ಬಿಗಿಯಾಗುತ್ತದೆ, ಬೆಣೆಯ ರಗಳೆ ಇಲ್ಲ. ಕಾವು ಮುರಿದರೆ ತೋಟದಲ್ಲೇ ಬೇರೆ ಹಾಕಬಹುದು. ಒದ್ದೆ ಸೀಮೆಗೆ ಇದು ಜಾಣತನದ ವಿನ್ಯಾಸ. ಪ್ಲಾಸ್ಟಿಕ್, ಫೈಬರ್ ಕಾವುಗಳು ಮಳೆಗೆ ಜಗ್ಗುವುದಿಲ್ಲ, ಗೆದ್ದಲೂ ಹತ್ತುವುದಿಲ್ಲ. ಮುರಿದರೆ ಮಾತ್ರ ಹಲವು ಮಾದರಿಗಳಲ್ಲಿ ಕೊಡಲಿಯನ್ನೇ ಎಸೆಯಬೇಕು.

ತುಕ್ಕಿನ ವಿಚಾರ. ತಾಯಿಯ ತಲೆ ಕಡಿದ ಪರಶುರಾಮನ ಕೊಡಲಿಯ ರಕ್ತದ ಕಲೆ ಎಲ್ಲೂ ಹೋಗದೆ, ತೀರ್ಥಹಳ್ಳಿಯಲ್ಲಿ ತುಂಗೆಯ ನೀರಿಗೆ ಹೋಯಿತು ಎಂಬ ಐತಿಹ್ಯ ಇದೆಯಲ್ಲ. ನೀವು ತೊಳೆದರೆ ಒರೆಸಿ, ಒಣಗಿಸಿ, ಎಣ್ಣೆಯನ್ನೋ ಗ್ರೀಸನ್ನೋ ಸವರಿ ಇಡಿ. ಮಳೆಗಾಲದಲ್ಲಿ ಒಂದೇ ರಾತ್ರಿ ಸಾಕು, ಬೆಳಗ್ಗೆ ಬಾಯಿ ಕೆಂಪಗಾಗಿರುತ್ತದೆ.

ಹಾಗಾದರೆ ಯಾವುದು?

ವರ್ಷದ ಕಟ್ಟಿಗೆ ಒಡೆಯುವ ಮನೆಯಾದರೆ ಎರಡು ಕೊಡಲಿ ಇರಲಿ. ಒಂದು ಸೀಳುವ ದಪ್ಪ ಕೊಡಲಿ, ಎರಡರಿಂದ ಎರಡೂವರೆ ಕೆ.ಜಿ. ಸಾಕು, ಕಾವು ನಿಮ್ಮ ಸೊಂಟದ ಎತ್ತರದ ಹತ್ತಿರ. ಇನ್ನೊಂದು ಮಧ್ಯಮ ಕೊಡಲಿ, ತಲೆ ಒಂದು ಕೆ.ಜಿ. ಆಸುಪಾಸು, ಕಾವು 60ರಿಂದ 70 ಸೆಂ.ಮೀ. ಎರಡನ್ನೂ ಆಚಾರಿಯಿಂದಲೇ ಮಾಡಿಸಿದರೆ ಸಂತೋಷ. ವಾರಕ್ಕೊಮ್ಮೆ ತೋಟಕ್ಕೆ ಬಂದು ಹೋಗುವವರಿಗೆ ಮಧ್ಯಮ ಕೊಡಲಿ, ಕತ್ತಿ, ಗರಗಸ ಇಷ್ಟು ಧಾರಾಳ. ತೀರಾ ದಪ್ಪ ಕುಂಟೆ ಬಂದರೆ ಕಬ್ಬಿಣದ ಬೆಣೆ, ದೊಡ್ಡ ಸುತ್ತಿಗೆ ಉಪಯೋಗಿಸಿ. ಸಿಕ್ಕಿಬಿದ್ದ ಕೊಡಲಿಯ ಹಿಂಭಾಗಕ್ಕೆ ಇನ್ನೊಂದು ಕೊಡಲಿಯಿಂದ ಹೊಡೆಯುವ ಅಭ್ಯಾಸ ಬಿಡಿ. ಕಬ್ಬಿಣದ ಚೂರು ಸಿಡಿದು ಕಣ್ಣಿಗೆ ಬೀಳಬಹುದು, ಕಾವಿನ ತೂತೂ ಸೊಟ್ಟಗಾಗುತ್ತದೆ.

ಅಡಿಕುಂಟೆ ಹುಣಸೆಯದು ಸಿಕ್ಕರೆ ಅದೃಷ್ಟ, ಮೊಣಕಾಲಿಗಿಂತ ತುಸು ಕೆಳಗಿನ ಎತ್ತರ ಇರಲಿ. ಅದರ ಮೇಲೆ ಹಳೇ ಟೈರು ಇಟ್ಟು, ಟೈರಿನೊಳಗೆ ಕಟ್ಟಿಗೆ ನಿಲ್ಲಿಸಿ ಒಡೆದರೆ ಚೂರುಗಳು ಹಾರುವುದಿಲ್ಲ, ಪ್ರತಿ ಸಲ ಬಗ್ಗಿ ಹೆಕ್ಕುವುದೂ ತಪ್ಪುತ್ತದೆ. ದಪ್ಪ ಕುಂಟೆಯ ನಡುಮಧ್ಯಕ್ಕೆ ಹೊಡೆಯಬೇಡಿ. ಒಣಗಿದಾಗ ಬಿಟ್ಟ ಬಿರುಕು ಹುಡುಕಿ ಅದರ ಸಾಲಿನಲ್ಲೇ ಅಂಚಿನಿಂದ ಶುರು ಮಾಡಿ. ಚಪ್ಪಲಿ ಹಾಕಿಕೊಂಡು ಕೊಡಲಿ ಎತ್ತಬೇಡಿ.

ಸ್ವಂತ ಜಾಗದ ಮರವಾದರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ನೀಲಗಿರಿ, ಗಾಳಿ ಮರ, ಸಿಲ್ವರ್ ಓಕಿನಂಥ ಕೆಲವಕ್ಕೆ ವಿನಾಯಿತಿ ಇದೆ, ಉಳಿದವಕ್ಕೆ ಅರಣ್ಯ ಇಲಾಖೆಯ ಅನುಮತಿ ಕೇಳಿ. ತಂತಿ ಮೇಲೆ ಬಿದ್ದ ಮರವನ್ನು ಮಾತ್ರ ಯಾವ ಕೊಡಲಿಯಿಂದಲೂ ಮುಟ್ಟಬೇಡಿ, ಲೈನ್‌ಮನ್ ಬರಲಿ.

ಕಟ್ಟಿಗೆ ಕೂಡಿಡುವ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದೇ ಎನ್ನುವುದನ್ನು ಹೊಸಬರು ತಿಳಿದಿರಬೇಕು. ಈ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿ ಹರಡುವ ಇದು ಡಿಸೆಂಬರಿನಿಂದ ಮೇವರೆಗೆ ಜಾಸ್ತಿ. ದರಗು ತುಂಬಿದ ಜಾಗಕ್ಕೆ ಕಟ್ಟಿಗೆಗೆ ಹೋಗುವವರು ಮೈಮುಚ್ಚುವ ಬಟ್ಟೆ ಹಾಕಿಕೊಂಡು, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡು ಹೋಗಿ. ಬಂದ ಮೇಲೆ ಬಿಸಿನೀರು, ಸೋಪಿನ ಸ್ನಾನ ಮಾಡಿ. ಜ್ವರ ಬಂದರೆ ಕಾಡಿಗೆ ಹೋದದ್ದನ್ನು ಡಾಕ್ಟರಿಗೆ ಹೇಳಿ. ಸತ್ತ ಮಂಗ ಕಂಡ ಜಾಗದ ಹತ್ತಿರ ಹೋಗಬೇಡಿ, ಆಸ್ಪತ್ರೆಗೆ ತಿಳಿಸಿ.

ಇನ್ನು ಕವಚ. ಚರ್ಮದ್ದು ಮಲೆನಾಡಿನ ಮಳೆಗೆ ಬೂಸ್ಟು ಹಿಡಿಯುತ್ತದೆ, ಒಳಗೆ ತೇವ ನಿಂತು ಬಾಯಿಗೆ ತುಕ್ಕು ತರುತ್ತದೆ. ತೋಟಕ್ಕೆ ನೀರು ಬಿಡುವ ಕಪ್ಪು ಪೈಪಿನ ಗೇಣುದ್ದದ ತುಂಡನ್ನು ಉದ್ದಕ್ಕೆ ಸೀಳಿ ಬಾಯಿಗೆ ಸಿಕ್ಕಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದರೆ ಆಯಿತು. ಬಸ್ಸಿನಲ್ಲಿ ಸಾಗಿಸುವಾಗ ಅದರ ಮೇಲೊಂದು ಗೋಣಿಚೀಲ ಸುತ್ತಿ ಕಟ್ಟಿ.